ಮಳೆ ನೋಡಲು ಹೊರಟವರು

ಆಷಾಢದ ಒಂದು ಬೆಳಿಗ್ಗೆ ಪೂರ್ಣಾನಂದರು ಶಿಷ್ಯ ಕೇದಾರನನ್ನು ಕರೆದರು.

"ಕಾರು ತೆಗೆ. ಮಳೆ ನೋಡಿಕೊಂಡು ಬರೋಣ."

"ಎಲ್ಲಿಗೆ, ಗುರುಗಳೇ?"

"ಮಳೆ ಎಲ್ಲ ಕಡೆಯೂ ಇದೆಯಲ್ಲ."

ಕೇದಾರನಿಗೆ ಈ ಉತ್ತರ ಸರಿಬರಲಿಲ್ಲ. ಹಿಂದಿನ ದಿನ ಅವನು ಆಶ್ರಮಕ್ಕೆ ಬಂದ ಅತಿಥಿಗಳ ಮೇಲೆ ಎಲ್ಲರೆದುರು ರೇಗಾಡಿದ್ದ. ಗುರುಗಳು ಬೈದಿರಲಿಲ್ಲ. ಬೈಯದೆ ಇದ್ದುದೇ ಅವನ ನಿದ್ದೆ ಕೆಡಿಸಿತ್ತು.

ಹಿಂದೊಮ್ಮೆ ಇನ್ನೊಬ್ಬ ಶಿಷ್ಯನನ್ನು ಅವರು ಹೀಗೆಯೇ ಜೊತೆಗೆ ಬಸ್ಸಿನಲ್ಲಿ ಕರೆದೊಯ್ದು, ಹಂದರಗಲ್ಲು ಬೆಟ್ಟದ ಆಶ್ರಮದಲ್ಲಿ ಬಿಟ್ಟು ಬಂದಿದ್ದರು. ಆತ ಹೊಳೆಯ ದಡದ ಈ ಆಶ್ರಮಕ್ಕೆ ಮತ್ತೆ ಮರಳಲಿಲ್ಲ. ಕೇದಾರನಿಗೆ ಇದನ್ನು ಬಿಟ್ಟರೆ ಬೇರೆ ನೆಲೆಯಿರಲಿಲ್ಲ.

ಹಿಂದಿನ ಸೀಟಿನಲ್ಲಿ, ಗುರುಗಳ ಪಕ್ಕ, ಒಂದು ಗಂಟಿತ್ತು.

"ಅದೇನು?"

"ಕಂಬಳಿ. ಚಳಿಯಲ್ಲವೇ?"

"ಎರಡು ಇರುವಂತಿದೆ."

"ನಾವೂ ಇಬ್ಬರಿದ್ದೇವೆ."

ರಾಗಿ ಹೊಲಗಳ ನಡುವೆ ಕಾರು ನಿಧಾನವಾಗಿ ಸಾಗಿತು. ಗುರುಗಳು ಗಾಜು ಇಳಿಸಿ, ಹನಿಗಳಿಗೆ ಅಂಗೈ ಚಾಚಿದರು. ಕೇದಾರ ಕನ್ನಡಿಯಲ್ಲಿ ಅವರ ಮುಖವನ್ನೇ ಮತ್ತೆ ಮತ್ತೆ ನೋಡಿದ. ಅವರು ಇಷ್ಟು ಸಂತೋಷವಾಗಿರುವುದು ಏತಕ್ಕೆ?

ಹುಣಸೆಮರದ ಬಳಿ ದಾರಿ ಕವಲೊಡೆಯಿತು. ಎಡಕ್ಕೆ ಕೆರೆ, ಬಲಕ್ಕೆ ಹಂದರಗಲ್ಲು.

"ಯಾವ ಕಡೆ, ಗುರುಗಳೇ?"

"ನಿನಗೆ ತೋಚಿದ ಕಡೆ."

ನಾನಾಗಿಯೇ ಹೋಗಲಿ ಎಂದು ಕಾಯುತ್ತಿದ್ದಾರೆ, ಎಂದುಕೊಂಡ ಕೇದಾರ. ಬಲಕ್ಕೆ ತಿರುಗಿಸಿದ.

ದಾರಿಯಲ್ಲಿ ಒಂದು ಚಹಾ ಅಂಗಡಿ. ಅಂಗಡಿಯಾಕೆ ಲೋಟ ಕೊಡುತ್ತ ಕೇಳಿದಳು:

"ಏನ್ ಬುದ್ಧೀ, ಇಂಥ ಮಳೇಲಿ ಎತ್ಲಾಗೆ ಹೊಂಟ್ರಿ?"

"ಮಳೆ ನೋಡೋಕೆ, ತಾಯಿ."

"ಅಯ್ಯೋ, ಅದಕ್ಕೆ ಕಾರ್ ಯಾಕೆ? ನಮ್ಮ ಸೂರು ಸೋರ್ತಾ ಐತೆ. ಒಳಗೇ ಕೂತ್ಕಂಡು ನೋಡಿ, ಬನ್ನಿ!"

ಗುರುಗಳು ಮನಸಾರೆ ನಕ್ಕರು. ಕೇದಾರ ನಗಲಿಲ್ಲ. ಚಹಾ ಮಾರುವವಳೇ ನಂಬದ ಮಾತನ್ನು ತಾನೇಕೆ ನಂಬಬೇಕು?

ಬೆಟ್ಟದ ಬುಡದಲ್ಲಿ ದಾರಿ ಮತ್ತೆ ಕವಲಾಯಿತು.

"ಇಲ್ಲಿಂದಲೂ ಕೆರೆಗೆ ಹೋಗಬಹುದು," ಎಂದರು ಗುರುಗಳು. "ಕೋಡಿ ಬಿದ್ದಿರಬೇಕು."

ಕೇದಾರನ ಸಹನೆ ಮುಗಿಯಿತು.

"ನನ್ನ ಗಮನ ತಪ್ಪಿಸಬೇಡಿ, ಗುರುಗಳೇ. ನನಗೆ ಎಲ್ಲ ಗೊತ್ತು."

"ಹಾಗಾದರೆ ಒಳ್ಳೆಯದೇ. ನಡೆ."

ಕೇದಾರ ಕೆರೆಯ ದಾರಿ ಬಿಟ್ಟು ಬೆಟ್ಟ ಹತ್ತಿಸಿದ.

ಮೇಲೆ ಮಂಜು ಕವಿದಿತ್ತು. ಹಂದರಗಲ್ಲು ಆಶ್ರಮದ ಬಾಗಿಲ ಮುಂದೆ ಕೇದಾರ ಕಾರು ನಿಲ್ಲಿಸಿದ.

"ಬೆಳಿಗ್ಗೆಯೇ ಗೊತ್ತಿತ್ತು ನನಗೆ, ಇಲ್ಲಿಗೇ ಬರುತ್ತೇವೆಂದು."

ಗುರುಗಳು ಗಾಜು ಒರೆಸಿ ಹೊರಗೆ ನೋಡಿದರು.

"ಹಂದರಗಲ್ಲೇ ಇದು? ಕೆರೆ ತೋರಿಸುತ್ತೀಯೆಂದುಕೊಂಡಿದ್ದೆ."

"ನನ್ನನ್ನು ಇಲ್ಲಿ ಬಿಟ್ಟು ಹೋಗಲು ತಾನೇ ಹೊರಟಿರಿ?"

"ನಿನ್ನನ್ನು ಬಿಟ್ಟರೆ ನಾನು ಮರಳುವುದು ಹೇಗಪ್ಪ? ನನಗೆ ಕಾರು ನಡೆಸಲು ಬರುವುದಿಲ್ಲ."

 

ಅಷ್ಟರಲ್ಲಿ ಬಾಗಿಲು ಕಾಯುವವನು ಕೊಡೆ ಹಿಡಿದು ಓಡಿ ಬಂದ. ಪೂರ್ಣಾನಂದರನ್ನು ಕಂಡು ಕೈಮುಗಿದ. ಆಮೇಲೆ ಮುಂದಿನ ಸೀಟಿನ ಕಡೆಗೊಮ್ಮೆ, ಹಿಂದಿನ ಸೀಟಿನ ಕಡೆಗೊಮ್ಮೆ ನೋಡಿದ.

"ಬುದ್ಧೀ, ಈ ಸಲ ಇಲ್ಲಿ ಉಳಿಯುವವರು ಯಾರು?"

ಕೇದಾರ ತಿರುಗಿ ಗುರುಗಳ ಮುಖ ನೋಡಿದ.

ಗುರುಗಳು ಹೇಳಿದರು: "ಅವನನ್ನೇ ಕೇಳಪ್ಪ. ದಾರಿ ಹಿಡಿದವನು ಅವನು. ನಾನು ಹಿಂದೆ ಕೂತು ಬಂದವನು."