ಮಲ್ಲಿಗೆ ಕೊಂಡ ಮರೆ

ಬೆಳಗಿನ ಎರಡು ಗಳಿಗೆ ಬಿಸಿಲು ಬಿಟ್ಟುಕೊಟ್ಟರೆ ಪಕ್ಕದ ಹಿತ್ತಿಲಿನ ಕಣ್ಣು ಬೀಳದಂತೆ ಮರೆಯಾಗಿ ನಿಲ್ಲುತ್ತೇವೆ ಎಂಬುದು ಮರದ ಹಲಗೆಗಳು ಮುಂದಿಟ್ಟ ವ್ಯಾಪಾರ. ಅಲ್ಲಿನ ದಾಸವಾಳದ ದೃಷ್ಟಿ ತನ್ನ ಮೊಗ್ಗಿಗೆ ತಾಗೀತೆಂದು ಹೆದರಿದ್ದ ಮಲ್ಲಿಗೆ ಬಳ್ಳಿ ಒಪ್ಪಿಕೊಂಡಿತು.

“ಇವು ನನ್ನ ತಲೆಯ ಮೇಲೆ ನಿಂತರೆ ಮೂಡಣವೇ ಮುಚ್ಚುತ್ತದೆ, ತಾಯಿ. ಇನ್ನೊಮ್ಮೆ ಯೋಚಿಸು,” ಎಂದಿತು ತೋಟದ ಗೋಡೆ.

“ಕಲ್ಲಿಗೇನು ಗೊತ್ತು ಮಾನ ಮರ್ಯಾದೆ? ಸುಮ್ಮನೆ ಹೊತ್ತುಕೋ.”

ಹಲಗೆಗಳು ಎದ್ದವು. ನೆರಳಿನಲ್ಲಿ ಬಳ್ಳಿಗೆ ಜೋಂಪು ಹತ್ತಿತು. ಕನಸಿನಲ್ಲಿ ನಡೆದಂತೆ ಅದು ಬೆಳಕಿನತ್ತ ಮೆಲ್ಲಗೆ ಹತ್ತುತ್ತಾ ಹೋಯಿತು. ಎಚ್ಚರವಾದಾಗ ತುದಿಗಳೆಲ್ಲ ಹಲಗೆ ದಾಟಿ ಆಚೆಯ ಬಿಸಿಲಿನಲ್ಲಿ ತೂಗುತ್ತಿದ್ದವು.

“ಬಾ ಅಕ್ಕಾ, ಇಷ್ಟು ಹತ್ತಿರದಿಂದ ನಿನ್ನನ್ನು ನೋಡಿಯೇ ಇರಲಿಲ್ಲ,” ಎಂದಿತು ದಾಸವಾಳ.

ಆ ವರ್ಷದ ಗಳಿಕೆ ಇಷ್ಟು: ಈ ಕಡೆಗೆ ಗಟ್ಟಿ ಮರೆ, ಒಂದಿಷ್ಟು ಎಲೆ; ಆ ಕಡೆಗೆ ಅಷ್ಟೂ ಹೂವು.