ಜರಿ ಶಲ್ಯವೂ ಕರಿ ಕಂಬಳಿಯೂ

ಹತ್ತಿರ ಬಂದು ಕೂತುಕೊಳ್ಳಿ. ಒಳ್ಳೆಯ ಬಟ್ಟೆ ಹಾಕಿಕೊಂಡವರೇ ಮುಂದೆ ಕೂರಬೇಕೆಂದಿಲ್ಲ. ಕಥೆ ಹಿಂದಿನವರಿಗೂ ಕೇಳಿಸುತ್ತದೆ.

ಎಂಟು ಬಾಗಿಲಿನ ಒಂದು ಪಟ್ಟಣ. ಅದಕ್ಕೊಬ್ಬ ರಾಜ. ರಾಜ ಒಳ್ಳೆಯವನು, ಯಾರು ಕೊನೆಯಲ್ಲಿ ಮಾತಾಡುತ್ತಾರೋ ಅವರ ಮಾತು ಕೇಳುತ್ತಿದ್ದ. ಆ ಪಟ್ಟಣದ ವ್ಯಾಪಾರಿಗಳಿಗೆಲ್ಲ ಒಬ್ಬಳು ಯಜಮಾನಿ. ಹೆಸರು ಮಾಳವ್ವ. ನಲವತ್ತು ಮನೆಯವರು ನೇಯ್ದ ಕಂಬಳಿಗಳನ್ನು ಮಾರಿಕೊಡುವವಳು. ಅವಳ ಹೆಗಲ ಮೇಲೆ ಯಾವಾಗಲೂ ಒಂದು ಕರಿ ಕಂಬಳಿ. ಬಿಸಿಲಿಗೂ ಅದೇ, ಮಳೆಗೂ ಅದೇ, ಮದುವೆಗೂ ಅದೇ.

ಆ ಊರಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಮಾರುವವರೂ ಕೊಳ್ಳುವವರೂ ಎದುರುಬದುರು ಕೂತು, ಹೆಗಲ ಬಟ್ಟೆಯನ್ನು ಕೈಗಳ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿಯುತ್ತಿದ್ದರು. ಒಂದು ಬೆರಳಿಗೆ ಒಂದು ಹೊನ್ನು, ಎರಡಕ್ಕೆ ಎರಡು, ಇಡೀ ಕೈಗೆ ಐದು. ಒಪ್ಪಿಗೆಯಾದರೆ ಕೈ ಕುಲುಕಿ ಬಟ್ಟೆ ತೆಗೆಯುವುದು. ಅಲ್ಲಿಯ ತನಕ ವ್ಯಾಪಾರ ಮುಗಿದಿಲ್ಲ, ಬೆಲೆ ಪಕ್ಕದವನಿಗೆ ಗೊತ್ತಿಲ್ಲ. ಗೊತ್ತಾದರೆ ಆ ಪಕ್ಕದವನು ಅದಕ್ಕಿಂತ ಒಂದು ಕಾಸೂ ಹೆಚ್ಚು ಕೊಡಲಾರ, ಅಲ್ಲವೇ?

ಇಂಥ ಊರಿಗೆ ಸಿಂಗಾರಯ್ಯ ಎಂಬ ಪಂಡಿತ ಬಂದ. ಏನು ಓದಿದ ಪಂಡಿತ ಎಂದು ಯಾರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಉಟ್ಟಿದ್ದ.

"ಯಜಮಾನರಾಗಬೇಕೇ? ಮೊದಲು ಯಜಮಾನರ ಹಾಗೆ ಕಾಣಿ," ಎಂದ. "ರುಮಾಲು ಒಂದು ಮೊಳ ಎತ್ತರ ಇರಲಿ; ನೀವು ಬಗ್ಗಿದರೂ ಅದು ಬಗ್ಗಬಾರದು. ಕಾಲಿನ ಜೋಡು ಕಿರ್ರೆನ್ನಲಿ, ನೀವು ಬರುವ ಮೊದಲೇ ನಿಮ್ಮ ಸುದ್ದಿ ಬರಬೇಕು. ಹೆಗಲಿಗೆ ನಾನೇ ನೇಯಿಸಿದ ಜರಿಯಂಚಿನ ಶಲ್ಯ. ಉಂಗುರದೊಳಗೆ ತೂರುವಷ್ಟು ನಯ!"

ವಾರದೊಳಗೆ ಇಡೀ ಪೇಟೆ ಕಿರ್ರೆನ್ನತೊಡಗಿತು. ಎತ್ತರದ ರುಮಾಲುಗಳಿಗಾಗಿ ವ್ಯಾಪಾರ ಮಂಟಪದ ಬಾಗಿಲನ್ನು ಒಡೆದು ಎತ್ತರಿಸಿದರು. ವ್ಯಾಪಾರವೂ ಎತ್ತರಕ್ಕೆ ಹೋಯಿತೇ? ತಾಳಿ, ಅಲ್ಲಿಗೇ ಬರುತ್ತೇನೆ.

ಮಾಳವ್ವ ಮಾತ್ರ ಕಂಬಳಿ ಬಿಡಲಿಲ್ಲ.

"ಇದೇನು ತಾಯಿ, ಕುರಿಯನ್ನೇ ಹೊದ್ದ ಹಾಗಿದೆ!" ಎಂದು ಸಿಂಗಾರಯ್ಯ ನಕ್ಕ.

"ಕುರಿ ಕೊಟ್ಟಿದ್ದೇ ಅಯ್ಯಾ. ನಲವತ್ತು ಮನೆಯ ಅನ್ನ ಇದರಲ್ಲಿದೆ. ನಾನೇ ಹೊದೆಯದ ಕಂಬಳೀನ ಇನ್ನೊಬ್ಬರು ಯಾಕೆ ಕೊಳ್ಳಬೇಕು?"

ಸಿಂಗಾರಯ್ಯ ಅರಮನೆಗೆ ಹೋದ. ಎಲ್ಲರೂ ಮಾತಾಡಿ ಮುಗಿಸುವ ತನಕ ಕಾದ. ಕೊನೆಯಲ್ಲಿ ತಾನು ಮಾತಾಡಿದ. ಮರುದಿನವೇ ಅಪ್ಪಣೆಯಾಯಿತು: ಜರಿ ಶಲ್ಯ ಇಲ್ಲದವರಿಗೆ ಮಂಟಪದೊಳಗೆ ಪ್ರವೇಶವಿಲ್ಲ.

ಅದೇ ವಾರ ದೂರದ ಬಂದರಿನಿಂದ ಸರಕು ಕೊಳ್ಳುವ ಮೂವರು ಸಾಹುಕಾರರು ಬಂದರು. ವರ್ಷಕ್ಕೊಮ್ಮೆ ಬರುವವರು, ನಾಲ್ಕೇ ದಿನ ಇರುವವರು. ಮಾಳವ್ವ ಮಂಟಪಕ್ಕೆ ಹೋದಳು. ಬಾಗಿಲು ಕಾಯುವ ದ್ಯಾಮ ಈಟಿ ಅಡ್ಡ ಹಿಡಿದ.

"ಬೈಬೇಡ ಮಾಳಕ್ಕಾ. ಅಪ್ಪಣೆ."

"ನಿನ್ನನ್ನ ಯಾಕಪ್ಪ ಬೈಲಿ? ಹೊಸ್ತಿಲಾಚೆ ನಿಂತು ನೋಡೋಕೆ ಅಪ್ಪಣೆ ಬೇಡವಲ್ಲ?"

ನಿಂತು ನೋಡಿದಳು.

ಮೊದಲ ದಿನ ಬೆಲ್ಲದ ಸಂಗಣ್ಣ ಶಲ್ಯ ಹೊದಿಸಿ ಮೊದಲ ಸಾಹುಕಾರನ ಬೆರಳು ಹಿಡಿದ. ಆರರಿಂದ ನಾಲ್ಕಕ್ಕೆ ಇಳಿದ. ಆದರೂ ಕುದುರಲಿಲ್ಲ. ಎರಡನೆಯವನ ಹತ್ತಿರ ಹೋದರೆ ಅವನು ಮೊದಲೇ ನಾಲ್ಕು ಬೆರಳು ಹಿಡಿದ. ಮೂರನೆಯವನೂ ನಾಲ್ಕೇ. ಸಂಗಣ್ಣ ನಾಲ್ಕಕ್ಕೇ ಮಾರಿ ಬಂದ. "ರುಮಾಲು ಒಂದು ಗೇಣು ಕಮ್ಮಿಯಾಯಿತು," ಎಂದ ಸಿಂಗಾರಯ್ಯ.

ಎರಡನೆಯ ದಿನ ತಾಮ್ರದ ಅಡಿವೆಪ್ಪ. ಹಾಗೇ ಆಯಿತು. "ಜೋಡು ಸಾಕಷ್ಟು ಕಿರ್ರೆನ್ನಲಿಲ್ಲ."

ಮೂರನೆಯ ದಿನ ಅರಳೆಯ ಗುರುಪಾದ. ಹಾಗೇ ಆಯಿತು. "ಶಲ್ಯ ಹಳೆಯದಾಯಿತು. ಇನ್ನೊಂದು ಕೊಳ್ಳಿ."

ಗುರುಪಾದ ಇನ್ನೊಂದು ಕೊಂಡ.

ಮಾಳವ್ವ ಮೊದಲ ದಿನ ಸರಕು ನೋಡಿದಳು. ಎರಡನೆಯ ದಿನ ಮುಖ ನೋಡಿದಳು. ಮೂರನೆಯ ದಿನ ಕಣ್ಣು ನೋಡಿದಳು. ತಮ್ಮ ಸರದಿಗೆ ಕಾದು ಕೂತ ಸಾಹುಕಾರರು ಬೆಲ್ಲ ನೋಡುತ್ತಿರಲಿಲ್ಲ, ತಾಮ್ರ ನೋಡುತ್ತಿರಲಿಲ್ಲ, ಅರಳೆಯನ್ನೂ ನೋಡುತ್ತಿರಲಿಲ್ಲ. ಮಾರುವವರ ಶಲ್ಯವನ್ನೇ ನೋಡುತ್ತಿದ್ದರು.

ನಾಲ್ಕನೆಯ ದಿನ ನೇಯುವವರು ಅವಳ ಸುತ್ತ ನಿಂತರು. "ಅವ್ವಾ, ಇವರು ನಾಳೆ ಹೊರಟುಬಿಡ್ತಾರೆ. ಆಮೇಲೆ ವರ್ಷವೆಲ್ಲ ನಮ್ಮ ಕಂಬಳೀನ ಹುಳ ತಿನ್ನಬೇಕು. ನಾವು ಏನು ತಿನ್ನೋದು?"

ಮಾಳವ್ವ ಹೆಗಲಿನ ಕಂಬಳಿ ತೆಗೆದಳು. ನಾಲ್ಕು ಮಡಿಕೆ ಮಡಿಸಿದಳು. ದ್ಯಾಮನ ಕೈಗಿಟ್ಟಳು. "ಹಿಡ್ಕೊ. ನೆಲಕ್ಕೆ ಇಡಬೇಡ."

ಸಿಂಗಾರಯ್ಯನ ಕಡೆ ತಿರುಗಿ, "ಒಂದು ಶಲ್ಯ ಕೊಡಿ ಸ್ವಾಮಿ," ಎಂದಳು.

ನೇಯುವವರು ತಲೆ ತಗ್ಗಿಸಿದರು. ಸಿಂಗಾರಯ್ಯ ಹಿಗ್ಗಿ ಹೀರೇಕಾಯಿಯಾದ. ಈ ಗೆಲುವನ್ನು ತಾನೊಬ್ಬನೇ ನೋಡಿದರೆ ಸಾಲದೆಂದು ಓಡಿಹೋಗಿ ರಾಜನನ್ನೇ ಕರೆತಂದ. ಜಾಣರು ಎಡವುವುದು ಇಲ್ಲಿಯೇ, ಮಕ್ಕಳೇ. ನೋಡುವವರು ಬೇಕಾಗುತ್ತಾರೆ.

ರಾಜ ಕೂತ. ಸಾಹುಕಾರರು ಕೂತರು. ಮಾಳವ್ವ ಮೊದಲ ಸಾಹುಕಾರನ ಎದುರು ಕೂತು, ಕೈಗಳ ಮೇಲೆ ಜರಿ ಶಲ್ಯ ಹೊದಿಸಿದಳು. ಕಂಬಳಿಯ ಒಂದು ಹೊರೆಗೆ ಎಂಟು ಹೊನ್ನು ಎಂದಿನ ಬೆಲೆ. ಅವಳು ಒಂದೇ ಒಂದು ಬೆರಳು ಹಿಡಿದಳು. ಹಿಡಿದು, ಬಿಡದೆ, ಸುಮ್ಮನೆ ಕೂತಳು.

ಮೊದಲನೆಯವನು ಬೆರಗಾಗಿ ಬಾಯಿ ತೆರೆದ. ಅವನು ಕೈ ಕುಲುಕುವ ಮೊದಲೇ ಎರಡನೆಯವನು ಎದ್ದು ನಿಂತ.

"ಒಂದು ಹೊನ್ನಿಗೆ ನಾನು ತಗೋತೀನಿ! ಎಲ್ಲಾ ಹೊರೆ ನನಗೇ!"

"ಒಂದೂಕಾಲು ಕೊಡ್ತೀನಿ, ನನಗೆ ಕೊಡಮ್ಮಾ!" ಎಂದು ಮೂರನೆಯವನು ಅವನನ್ನು ತಳ್ಳಿದ.

ಮಾಳವ್ವ ಕೈ ಎಳೆದುಕೊಂಡಳು. ರಾಜನ ಕಡೆ ನೋಡಿದಳು.

"ಮಹಾಸ್ವಾಮಿ, ನಾನು ಬೆರಳು ಹಿಡಿದಿದ್ದು ಇವರದು. ಬಾಯಿ ಬಿಟ್ಟಿಲ್ಲ. ಒಂದು ಹೊನ್ನು ಅಂತ ಆ ಇಬ್ಬರಿಗೆ ಹೇಳಿದವರು ಯಾರು?"

ಮಂಟಪದಲ್ಲಿ ಒಂದು ಜೋಡೂ ಕಿರ್ರೆನ್ನಲಿಲ್ಲ. ರಾಜ ಎದ್ದು ಬಂದ. ಶಲ್ಯವನ್ನು ತನ್ನ ಕೈ ಮೇಲೆ ಹೊದಿಸಿ ನೋಡಿದ. ಐದು ಬೆರಳೂ ಕಂಡವು. ಉಂಗುರದ ಕಲ್ಲೂ ಕಂಡಿತು.

ಮೂರನೆಯ ಸಾಹುಕಾರ ಸಿಟ್ಟಿನಿಂದ ಸಿಂಗಾರಯ್ಯನ ಕಡೆ ತಿರುಗಿದ. "ಇಷ್ಟು ಸಂಬಳ ಕೊಟ್ಟು ನಿನ್ನನ್ನ ಈ ಊರಿಗೆ ಕಳಿಸಿದ್ದಕ್ಕೆ ಇದೇನಯ್ಯ ಫಲ?"

ಇನ್ನು ವಿಚಾರಣೆಗೆ ಏನು ಉಳಿಯಿತು? ಈ ಸಲ ಕೊನೆಯ ಮಾತು ಮಾಳವ್ವನದಾಯಿತು. ಬೆಲ್ಲ, ತಾಮ್ರ, ಅರಳೆಯ ಹಿಂದಿನ ವ್ಯಾಪಾರ ಮೂರೂ ರದ್ದಾದವು. ದ್ಯಾಮ ಕಂಬಳಿ ತಂದುಕೊಟ್ಟ. ಅದರಡಿಯಲ್ಲಿ ಎಲ್ಲರೂ ಮತ್ತೆ ಬೆರಳು ಹಿಡಿದರು. ಎಷ್ಟಕ್ಕೆ ಕುದುರಿತು ಎಂದು ಕೇಳುತ್ತೀರಾ? ಕಂಬಳಿಯಡಿ ಆದದ್ದು ನನಗೆ ಹೇಗೆ ಗೊತ್ತಾಗಬೇಕು! ಆ ವರ್ಷ ನೇಯುವವರ ನಲವತ್ತು ಮನೆಯಲ್ಲೂ ಹೋಳಿಗೆ ಬೆಂದಿತು ಎಂದಷ್ಟೇ ಗೊತ್ತು.

ಸಿಂಗಾರಯ್ಯನನ್ನು ರಾಜ ಊರು ಬಿಡಿಸಲಿಲ್ಲ. ಸಂಗಣ್ಣನ ಆಲೆಮನೆಯಲ್ಲಿ ಕಬ್ಬಿನ ಹಾಲು ಸೋಸುವುದಕ್ಕೆ ಒಳ್ಳೆಯ ತೆಳ್ಳನೆಯ ಬಟ್ಟೆ ಬೇಕಾಗಿತ್ತು. ಜರಿ ಶಲ್ಯಗಳೆಲ್ಲ ಅಲ್ಲಿಗೆ ಹೋದವು. ಬಟ್ಟೆಯ ಒಂದು ತುದಿ ಹಿಡಿದು ನಿಲ್ಲುವ ಕೆಲಸ ಪಂಡಿತನಿಗೆ ಸಿಕ್ಕಿತು. ಚೆನ್ನಾಗಿಯೇ ಹಿಡಿಯುತ್ತಿದ್ದನಂತೆ.

ಮಾಳವ್ವ ಮುದುಕಿಯಾಗಿ ತೀರಿಕೊಂಡಳು. ಆಮೇಲೆ ಎಷ್ಟೋ ಯಜಮಾನರು ಬಂದರು. ಬೆಲ್ಲದವರು, ತಾಮ್ರದವರು, ಬಂಗಾರದವರು. ಯಾರೇ ಆಗಲಿ, ಯಜಮಾನಿಕೆ ಕೊಡುವ ದಿನ ಅವರ ಹೆಗಲಿಗೆ ಹಾಕುವುದು ಕರಿ ಕಂಬಳಿಯನ್ನೇ. ಅದನ್ನು ಹೊದ್ದು ನಡೆಯುವಾಗ ಅವರ ತಲೆ ಎಷ್ಟು ಎತ್ತರ ಇರುತ್ತದೆಂದರೆ, ರುಮಾಲೇ ಬೇಕಾಗುವುದಿಲ್ಲ.

ನೀತಿ ಇಷ್ಟು: ನಿನ್ನ ಉಡುಪು ನಿನ್ನ ಕೆಲಸಕ್ಕೆ ಬರಬೇಕು, ನಿನ್ನನ್ನು ನಂಬಿದವರಿಗೆ ನೆರಳಾಗಬೇಕು. ಬರೀ ನೋಡುವವರಿಗಾಗಿ ಉಟ್ಟರೆ, ನೋಡಬಾರದವರೂ ನೋಡುತ್ತಾರೆ.

ಕಂಬಳಿ ಚುಚ್ಚುತ್ತದೆ ಎನ್ನುತ್ತೀರಾ? ಹೌದು. ಯಜಮಾನಿಕೆ ಹೆಗಲ ಮೇಲಿದೆ ಎಂಬುದು ಮರೆಯದಿರಲಿ ಎಂದೇ ಅದನ್ನು ಹೊದಿಸುವುದು.