ರೊಟ್ಟಿ ಗಾಡಿಯ ಸರಪಳಿ

ಮುಂಡರಗಿ ಕಡೆಯ ಒಂದು ಊರಲ್ಲಿ ನೀಲವ್ವ ಎಂಬ ಹೆಣ್ಣುಮಗಳಿದ್ದಳು. ಅವಳದು ಚಕ್ರದ ಮೇಲಿನ ಖಾನಾವಳಿ. ಒಂದು ಟ್ರೈಲರ್‌ಗೆ ತಗಡಿನ ಗೋಡೆ, ಮಾಡು ಹಾಕಿಸಿ, ಒಳಗೆ ಒಲೆ, ಕಟ್ಟೆ, ಪಾತ್ರೆ ಎಲ್ಲ ಜೋಡಿಸಿದ್ದಳು. ಗಂಡ ಮುದಕಪ್ಪ ಅದನ್ನು ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಿದ್ದ. ಸಂತೆ, ಜಾತ್ರೆ, ಆಟದ ಮೈದಾನ, ಎಲ್ಲಿ ಜನ ಸೇರಿದರೂ ನೀಲವ್ವನ ರೊಟ್ಟಿ ಗಾಡಿ ಅಲ್ಲಿರುತ್ತಿತ್ತು.

ಅವಳ ಜೊತೆ ಕಳಕವ್ವ, ಹುಸೇನಬಿ ಎಂಬ ಇಬ್ಬರು ರೊಟ್ಟಿ ಬಡಿಯುತ್ತಿದ್ದರು. ಗಾಡಿ ಓಡುವಾಗಲೂ ಅವರು ಟ್ರೈಲರ್ ಒಳಗೇ ಕೂತು, ಒಲೆ ಹೊತ್ತಿಸಿಕೊಂಡು ಕೆಲಸ ಮಾಡುತ್ತಿದ್ದರು. ಊರು ಮುಟ್ಟುವಷ್ಟರಲ್ಲಿ ಬುಟ್ಟಿ ತುಂಬ ರೊಟ್ಟಿ ಸಿದ್ಧ.

ಟ್ರೈಲರ್ ನೋಂದಣಿಗೆ ಹೋದಾಗ ಸಾರಿಗೆ ಕಚೇರಿಯ ಅಧಿಕಾರಿ ಬಿಡಿಸಿ ಹೇಳಿದ್ದರು: ಎಳೆಯುವವನ ಬಳಿ ಸರಿಯಾದ ಲೈಸೆನ್ಸ್ ಇರಬೇಕು, ಟ್ರೈಲರ್‌ನಲ್ಲಿ ಜನ ಕೂರಬಾರದು, ಕೊಂಡಿ ಮುರಿದರೂ ಟ್ರೈಲರ್ ಕಳಚಿಹೋಗದಂತೆ ಸರಪಳಿಯನ್ನೂ ಬಿಗಿಯಬೇಕು. ಮುದಕಪ್ಪ ತಲೆಯಾಡಿಸಿ ಬಂದ. ಲೈಸೆನ್ಸ್ ಅವನ ಬಳಿ ಇತ್ತು. ಸರಪಳಿ ಮಾತ್ರ ಗಲಗಲ ಸದ್ದು ಮಾಡುತ್ತದೆಂದು ಸುತ್ತಿ ಮೂಲೆಗೆ ಎಸೆದಿದ್ದ. ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಅಧಿಕಾರಿಯ ಮಾತು ಎಲ್ಲರಿಗೂ ಮರೆತುಹೋಯಿತು.

ಒಮ್ಮೆ ತಾಲ್ಲೂಕು ಕಬಡ್ಡಿ ಪಂದ್ಯಕ್ಕೆ ಊಟ ಕೊಡುವ ಕೆಲಸ ನೀಲವ್ವನಿಗೆ ಸಿಕ್ಕಿತು. ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಆದರೆ ಹೊರಡುವ ದಿನ ನಸುಕಿನಲ್ಲಿ ಮುದಕಪ್ಪನಿಗೆ ವಿಪರೀತ ಜ್ವರ. ಎದ್ದು ನಿಂತರೆ ಕಣ್ಣು ಕತ್ತಲೆ.

ನೀಲವ್ವನ ತಮ್ಮ ಚನ್ನವೀರ ಮುಂದೆ ಬಂದ. "ಅಕ್ಕಾ, ಕೀಲಿ ಕೊಡು. ನಾ ಹೊಡೀತೀನಿ."

"ನಿನ್ನ ಕಡೆ ಇರೂದು ಬರೀ ಎಲ್‌ಎಲ್‌ಆರ್. ಇನ್ನೂ ಕಲಿಯಾಕತ್ತೀದಿ. ಹಿಂದ ಇಡೀ ಅಡಿಗಿಮನಿ ಕಟಗೊಂಡು ಹ್ಯಾಂಗ ಹೊಡೀತೀ?"

"ಯಾರ ಕೇಳ್ತಾರಕ್ಕಾ? ಇಷ್ಟ ಲಗೂ ಪೊಲೀಸ್ರೂ ಎದ್ದಿರಂಗಿಲ್ಲ."

"ಪೊಲೀಸ್ರು ಮಲಗಿದ್ರ ದಾರ್ಯಾಗಿನ ಗುಡ್ಡದ ಇಳಕಲನೂ ಮಲಗಿರ್ತೈತೇನು?"

ಚನ್ನವೀರನ ಮುಖ ಗಂಟಾಯಿತು. ಅಷ್ಟರಲ್ಲಿ ಪಂದ್ಯದ ಉಸ್ತುವಾರಿ ಹಾಲಪ್ಪ ಮಾಸ್ತರ ಫೋನ್ ಮಾಡಿ, "ಎಲ್ಲಿದ್ದೀರಿ? ಹುಡುಗರು ಹಸಿದು ಕೂಡಬಾರದು ನೋಡ್ರಿ. ಆಗೂದಿಲ್ಲಂದ್ರ ಈಗ ಹೇಳ್ರಿ, ಬ್ಯಾರೆಯವರನ್ನ ಕರೀತೀವಿ" ಎಂದರು. ನೀಲವ್ವನ ಕೈಯಲ್ಲಿ ಕೀಲಿ ಇತ್ತು. ಎದುರಿಗೆ ತಮ್ಮ ಕೈಚಾಚಿ ನಿಂತಿದ್ದ. ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು.

"ಬರ್ತೀವ್ರಿ ಮಾಸ್ತರ. ತಡ ಆಗ್ತೈತಿ, ಆದ್ರ ಬರ್ತೀವಿ" ಎಂದು ಹೇಳಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಹಿಂದಿನ ಓಣಿಯ ಬಾಷಾಸಾಬ್ ಮನೆಗೆ ನಡೆದಳು. ಬಾಷಾಸಾಬ್ ಬಹಳ ಕಾಲ ಲಾರಿ ಓಡಿಸಿದವರು. ವಯಸ್ಸಾದರೂ ಲೈಸೆನ್ಸ್ ನವೀಕರಿಸಿಕೊಂಡೇ ಬಂದಿದ್ದರು.

"ಕಾಕಾ, ಇದೊಂದು ದಿನ ಕೈಹಿಡೀರಿ" ಎಂದಳು.

ಬಾಷಾಸಾಬ್ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. "ಬರ್ತೀನವ್ವಾ. ಆದ್ರ ಸರಪಳಿ ಹಾಕದ ನಾ ಗಾಡಿ ಹತ್ತೂದಿಲ್ಲ. ಹಿಂದ ಯಾರೂ ಕೂಡೂ ಹಂಗಿಲ್ಲ."

"ಮತ್ತ ರೊಟ್ಟಿ ಯಾವಾಗ ಬಡಿಯೂದ್ರಿ?" ಎಂದಳು ಕಳಕವ್ವ.

"ಅಲ್ಲಿ ಹೋದಮ್ಯಾಗ" ಎಂದಳು ನೀಲವ್ವ. "ಕಾಕಾ ಹೇಳಿದ್ದು ಹೊಸಾ ಮಾತಲ್ಲ. ಕಚೇರಿ ಸಾಹೇಬ್ರೂ ಇದನ್ನ ಹೇಳಿದ್ರು, ನಾವ ಕೇಳಲಿಲ್ಲ. ನೀವಿಬ್ರೂ ಬಸ್ಸಿಗೆ ಹೋಗ್ರಿ."

ಇಬ್ಬರೂ ಗೊಣಗುತ್ತ ಬಸ್ಸು ಹತ್ತಿದರು. ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಸರಪಳಿ ಬಿಗಿದು ಗಾಡಿ ಹೊರಟಿತು. ಪಿಕಪ್ಪಿನಲ್ಲಿ ಬಾಷಾಸಾಬರ ಪಕ್ಕ ನೀಲವ್ವ, ಅವಳ ಪಕ್ಕ ಚನ್ನವೀರ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಗುಡ್ಡದ ಇಳಿಜಾರು ಅರ್ಧ ಇಳಿದಿರಬೇಕು. ರಸ್ತೆಯಲ್ಲಿ ಒಂದು ತಗ್ಗು. ಪಿಕಪ್ ಧಡಕ್ಕೆಂದು ಹಾರಿತು. ಹಿಂದಿನಿಂದ ಕಬ್ಬಿಣ ಮುರಿದ ಸದ್ದು. ಕೊಂಡಿಯ ಪಿನ್ನು ತುಂಡಾಗಿತ್ತು! ಟ್ರೈಲರ್‌ನ ಮೂತಿ ಕೆಳಗೆ ಜೋತು ರಸ್ತೆಗೆ ಉಜ್ಜಿ ಕಿಡಿ ಹಾರಿತು. ಇಡೀ ಖಾನಾವಳಿ ಎಡಕ್ಕೂ ಬಲಕ್ಕೂ ಹೊಯ್ದಾಡಿತು.

ಎದುರಿನಿಂದ ಹೈಸ್ಕೂಲಿನ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಏರು ಹತ್ತಿ ಬರುತ್ತಿದ್ದರು.

"ಬ್ರೇಕ್ ಹಾಕ್ರಿ ಕಾಕಾ!" ಎಂದು ಚನ್ನವೀರ ಚೀರಿದ.

ಬಾಷಾಸಾಬ್ ಬ್ರೇಕನ್ನು ಒತ್ತಿ ಹಿಡಿಯಲಿಲ್ಲ. ಹಾಗೆ ಹಿಡಿದಿದ್ದರೆ ಹಿಂದಿನ ಭಾರವೆಲ್ಲ ಬಂದು ಪಿಕಪ್ಪಿಗೆ ಗುದ್ದುತ್ತಿತ್ತು. ಎಕ್ಸಿಲರೇಟರಿನಿಂದ ಕಾಲು ತೆಗೆದರು. ಗೇರು ಇಳಿಸಿದರು. ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಮೆಟ್ಟುತ್ತ ಎಡಬದಿಯ ಮಣ್ಣಿಗೆ ಇಳಿಸಿದರು. ಸರಪಳಿ ಬಿಗಿದು ಕಿರುಗುಟ್ಟಿತು, ಬಿಡಲಿಲ್ಲ. ಗಾಡಿ ನಿಂತಿತು. ಹುಡುಗಿಯರು ತಮ್ಮ ಪಾಡಿಗೆ ಮಾತಾಡಿಕೊಂಡು ಪಕ್ಕದಲ್ಲೇ ಹಾದುಹೋದರು. ಒಬ್ಬಳು ಸುಮ್ಮನೆ ಬೆಲ್ ಬಾರಿಸಿದಳು.

ಚಕ್ರಕ್ಕೆ ಕಲ್ಲು ಕೊಟ್ಟು ನೀಲವ್ವ ಟ್ರೈಲರ್ ಬಾಗಿಲು ತೆಗೆದಳು. ಒಲೆಯ ಕಟ್ಟೆ ಕಿತ್ತು ಬಂದು ಎದುರು ಗೋಡೆಗೆ ಬಡಿದಿತ್ತು. ಕಳಕವ್ವ, ಹುಸೇನಬಿ ದಿನಾ ಕೂರುತ್ತಿದ್ದ ಮಣೆಗಳು ಅದರಡಿ ಪುಡಿಯಾಗಿದ್ದವು. ನೀಲವ್ವ ಬಾಗಿಲು ಹಿಡಿದುಕೊಂಡೇ ಕೆಳಗೆ ಕೂತುಬಿಟ್ಟಳು.

ಚನ್ನವೀರನೂ ಇಣುಕಿ ನೋಡಿದ. "ಅಕ್ಕಾ, ನಾ ಆಗಿದ್ರ ಬ್ರೇಕ್ ಗಟ್ಟಿ ಹಿಡೀತಿದ್ನಿ" ಎಂದ. ಆಮೇಲೆ ಬಾಷಾಸಾಬರ ಕಡೆ ತಿರುಗಿದ. "ಕಾಕಾ, ಲೈಸೆನ್ಸ್ ಬರೂತನಕ ಬಾಜೂಕ ಕುಂತು ನನಗ ಕಲಿಸ್ರಿ."

"ಮೊದಲ ಬರೀ ಪಿಕಪ್ ಕಲಿ. ಟ್ರೈಲರ್ ಆಮ್ಯಾಗ" ಎಂದು ಬಾಷಾಸಾಬ್ ಅವನ ಬೆನ್ನು ತಟ್ಟಿದರು.

ಹತ್ತಿರದ ಹಳ್ಳಿಯಿಂದ ವೆಲ್ಡಿಂಗ್ ಅಂಗಡಿಯವನು ಬಂದು, ಹೊಸ ಪಿನ್ನು ಹಾಕಿ, ಕೊಂಡಿಯನ್ನೆಲ್ಲ ಪರೀಕ್ಷಿಸಿದ ಮೇಲೆ ಗಾಡಿ ಮೆಲ್ಲಗೆ ಹೊರಟಿತು. ಮೈದಾನ ಮುಟ್ಟಿದಾಗ ಆಟಗಾರರು ಬಾಳೆಹಣ್ಣು ತಿಂದು ಮೊದಲ ಪಂದ್ಯ ಮುಗಿಸಿದ್ದರು. ಸಿಟ್ಟಿನಿಂದ ಬಂದ ಹಾಲಪ್ಪ ಮಾಸ್ತರ, ನಡೆದದ್ದು ಕೇಳಿ, "ರೊಟ್ಟಿ ತಡ ಆದ್ರ ನಡೀತೈತವ್ವಾ. ನೀವು ಬಂದ್ರಲ್ಲ, ಅಷ್ಟ ಸಾಕು" ಎಂದರು.

ಮರದ ನೆರಳಲ್ಲಿ ಕಾಯುತ್ತಿದ್ದ ಕಳಕವ್ವ, ಹುಸೇನಬಿ ಎದ್ದು ಬಂದರು. ನೀಲವ್ವ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಬಿಡಲೇ ಇಲ್ಲ.

"ಏನಾತವ್ವಾ, ಬಸ್ಸಿಗೆ ಕಳಿಸಿದ್ದಕ್ಕ ಇಷ್ಟ್ಯಾಕ ಅಳ್ತೀ? ನಮಗ ಕಿಟಕಿ ಬಾಜೂಕ ಸೀಟ್ ಸಿಕ್ಕಿತ್ತು" ಎಂದಳು ಹುಸೇನಬಿ.

ನೀಲವ್ವ ಅಳುತ್ತಲೇ ನಕ್ಕಳು. ಮರದ ಬುಡದಲ್ಲಿ ಕಲ್ಲಿನ ಒಲೆ ಹೂಡಿ, ಮೂವರೂ ಕೂತು ಹಿಟ್ಟು ನಾದತೊಡಗಿದರು.

ನೀತಿ: ಬಂಡಿಯ ಹಿಂದೆ ಇನ್ನೊಂದು ಬಂಡಿ ಕಟ್ಟಿದವನು ತನ್ನ ಜೀವಕ್ಕಷ್ಟೇ ಅಲ್ಲ, ದಾರಿಯಲ್ಲಿ ಎದುರಾಗುವ ಎಲ್ಲರ ಜೀವಕ್ಕೂ ಹೊಣೆ. ಇಷ್ಟು ದಿನ ಏನೂ ಆಗಲಿಲ್ಲ ಎಂಬುದು ನಿಯಮ ಮುರಿಯಲು ಸಿಕ್ಕ ಪರವಾನಗಿಯಲ್ಲ. ತಡವಾಗಿ ತಲುಪಿದರೂ ಚಿಂತೆಯಿಲ್ಲ, ಎಲ್ಲರೂ ತಲುಪಬೇಕು.